ಮಡಿ ಸೀರೆ ಮತ್ತು ನೂರಹತ್ತನೆಯ ಧಾತು

ಪುಟ್ಟಿ, ಧನು, ಇಬ್ಬರೂ ಕೇಳಿ. ನಾನು ಪ್ಯಾಂಟು ಹಾಕಿಕೊಂಡು ನಿಂತಿರುವ ಫೋಟೋ ಈಗ ತರೀಕೆರೆಯಲ್ಲಿ ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ. ಅಜ್ಜಂಪುರ ಬಸ್‌ಸ್ಟ್ಯಾಂಡಿನಲ್ಲಿ ಹೂ ಕಟ್ಟಿ ಮಾರುವವಳ ಫೋನಿಗೂ ಬಂದಿದೆ. ಕಡೂರಿನಿಂದ ನನ್ನ ಓರಗಿತ್ತಿ ಫೋನ್ ಮಾಡಿ, "ಅಕ್ಕಯ್ಯ, ಈ ವಯಸ್ನಲ್ಲಿ ಇದೆಲ್ಲ ಬೇಕಿತ್ತಾ?" ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಸೊಂಟದಲ್ಲಿ ಜಾರ್ತಿರ್ಲಿಲ್ವಾ?" ಎಂದೂ ಕೇಳಿದಳು.

ಒಬ್ಬೊಬ್ಬರಿಗೂ ಹೇಳುವಷ್ಟು ಬಾಯಿ ನನಗಿಲ್ಲ. ನಿಮಗೇ ಗೊತ್ತಲ್ಲ, ಮನೆಗೆ ನಾಲ್ಕು ಜನ ಬಂದರೆ ನಾನು ಕಾಫಿ ಸೋಸುವ ನೆಪದಲ್ಲಿ ಒಳಗೇ ಉಳಿದುಬಿಡುವವಳು. ಅದಕ್ಕೇ ಬರೆದು ಇಡುತ್ತಿದ್ದೇನೆ. ಸಿಂಗಟಗೆರೆ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಬರವಣಿಗೆ ಇದು. ತಪ್ಪಿದ್ದರೆ ತಿದ್ದಿ ಓದಿ. ಆದರೆ ಪ್ಯಾಂಟಿನ ವಿಷಯಕ್ಕೆ ಬರುವ ಮೊದಲೇ ಹಾಳೆ ಮಗುಚಬೇಡಿ.

ಫ್ರಾಂಕ್‌ಫರ್ಟ್, ತಳ್ಳುವ ಕುರ್ಚಿ

ನಾನು ಹೋದದ್ದು ಜರ್ಮನಿಗೆ, ನನ್ನ ಮಗಳು, ನಿಮ್ಮ ಸುಮತ್ತೆಯ ಹತ್ತಿರ. ವಿಮಾನ ನಿಲ್ದಾಣದಲ್ಲಿ ನಾನು ಎಲ್ಲಾದರೂ ತಪ್ಪಿಸಿಕೊಂಡೇನು ಎಂದು ಅವಳು ನನಗೆ ಹೇಳದೆ ತಳ್ಳುವ ಕುರ್ಚಿ ಬರೆಸಿದ್ದಳು. ವಿಮಾನದ ಬಾಗಿಲಲ್ಲೇ ಒಬ್ಬ ಹೆಂಗಸು ಕುರ್ಚಿ ಹಿಡಿದು ನಿಂತಿದ್ದರು. ನನ್ನ ಹೆಸರು ಬರೆದ ಹಲಗೆ ತೋರಿಸಿದರು. ಬುಕ್ಕಾಂಬುಧಿಯ ಕೆರೆ ಏರಿಯನ್ನು ದಿನಾ ಎರಡು ಸಲ ನಡೆದು ತೋಟ ನೋಡಿ ಬರುವವಳು ನಾನು. ಬೇಡ ಎನ್ನಲು ಭಾಷೆ ಬಾರದೆ ಕೂತೆ.

ಆ ನಿಲ್ದಾಣವೋ, ಕಡೂರಿನಿಂದ ದೇವನೂರಿಗೆ ಹೋದಷ್ಟು ಉದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು. ತಿರುಗಿ ನೋಡಿದರೆ ಆ ಹೆಂಗಸು ಹೆಚ್ಚುಕಡಿಮೆ ನನ್ನ ವಯಸ್ಸಿನವರೇ, ಒಂದು ಮೊಣಕಾಲಿಗೆ ಪಟ್ಟಿ ಬೇರೆ ಕಟ್ಟಿದ್ದಾರೆ. ನನಗೆ ಕೂತಿರಲು ಆಗಲಿಲ್ಲ. ಇಳಿದು, ನೀವು ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದೆ. ಅವರು ಗಾಬರಿಯಾಗಿ ನನ್ನನ್ನೇ ಕೂರಿಸಲು ಬಂದರು. ನಾನು ಅವರ ಮೊಣಕಾಲು ತೋರಿಸಿದೆ, ಅವರು ನನ್ನ ಹೆಸರಿನ ಹಲಗೆ ತೋರಿಸಿದರು. ಕೊನೆಗೆ ಇಬ್ಬರಿಗೂ ನಗು ಬಂದು, ಕುರ್ಚಿಯ ಮೇಲೆ ನನ್ನ ಕೋಡುಬಳೆ ಡಬ್ಬಿಯ ಚೀಲ ಕೂರಿಸಿ, ಆಳಿಗೊಂದು ಹಿಡಿ ಹಿಡಿದು ತಳ್ಳಿಕೊಂಡು ಹೊರಟೆವು.

ಹೊರಬಾಗಿಲಲ್ಲಿ ಸುಮ ನಿಂತಿದ್ದಳು. "ಅವ್ವಾ, ಕೂತ್ಕೊಂಡು ಬಾ ಅಂದ್ರೆ ಕೋಡುಬಳೆ ಕೂರಿಸ್ಕೊಂಡ್ ಬಂದ್ಯಾ?" ಎಂದಳು. ಅಲ್ಲಿಂದ ಅವಳ ಊರು ಸೇರುವವರೆಗೆ ಅದನ್ನೇ ಹೇಳಿ ಹೇಳಿ ನಕ್ಕಳು.

ಡಾರ್ಮ್‌ಸ್ಟಾಟ್, ಖಾಲಿ ರಸ್ತೆ

ಆ ಊರಿನ ಹೆಸರು ಡಾರ್ಮ್‌ಸ್ಟಾಟ್. ಅಲ್ಲಿಯ ಜನ ಒಳ್ಳೆಯವರು, ಆದರೆ ಒಂದು ವಿಚಿತ್ರ ಇದೆ. ರಸ್ತೆ ದಾಟುವ ಕಡೆ ಕೆಂಪು ದೀಪದ ಮನುಷ್ಯ ನಿಂತಿದ್ದರೆ ಇವರೂ ನಿಲ್ಲುತ್ತಾರೆ. ಈ ಕಡೆ ನೋಡಿದರೆ ಬಂಡಿಯಿಲ್ಲ, ಆ ಕಡೆ ನೋಡಿದರೆ ಬಂಡಿಯಿಲ್ಲ, ಒಂದು ನಾಯಿಯೂ ಇಲ್ಲ. ಚಳಿಯಲ್ಲಿ ಮೂಗು ಕೆಂಪು ಮಾಡಿಕೊಂಡು ಹತ್ತು ಜನ ಸುಮ್ಮನೆ ನಿಂತಿರುತ್ತಾರೆ. ತರೀಕೆರೆ ಸರ್ಕಲ್ಲಿನಲ್ಲಿ ನಾವು ಲಾರಿಗೆ ಕೈ ತೋರಿಸಿ ನಿಲ್ಲಿಸಿ ದಾಟುವವರು. ಮೊದಲ ದಿನ ನಾನು ರೂಢಿಯಂತೆ ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟೆ. ಆಚೆ ತಲುಪಿ ನೋಡಿದರೆ ನಾನೊಬ್ಬಳೇ. ಈಚೆ ಬದಿಯಲ್ಲಿ ಒಬ್ಬ ಪುಟ್ಟ ಹುಡುಗಿ ಅವಳಮ್ಮನನ್ನು ಏನೋ ಕೇಳುತ್ತಿದ್ದಾಳೆ, ಅವಳಮ್ಮ ನನ್ನನ್ನೇ ನೋಡುತ್ತಿದ್ದಾರೆ. ನಾಚಿಕೆಯಾಗಿ ಮತ್ತೆ ದಾಟಿ ಈಚೆ ಬಂದು ಅವರ ಪಕ್ಕ ನಿಂತೆ. ಆಗಲೂ ಕೆಂಪೇ ಇತ್ತು.

ಸುಮ ತಲೆ ಚಚ್ಚಿಕೊಂಡಳು. "ಒಂದ್ಸಲ ಮಾಡಿದ್ರೆ ತಪ್ಪು. ಎರಡ್ಸಲ ದಾಟಿದ್ಯಲ್ಲವ್ವ."

ಇನ್ನೊಂದು, ಎಲ್ಲಿಗೆ ಹೊರಟಿರಿ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಇದು ನನಗೆ ಬಹಳ ಇಷ್ಟವಾಯಿತು. ನಮ್ಮೂರಲ್ಲಿ ಮನೆಯಿಂದ ಬಸ್ಸಿನವರೆಗೆ ಹೋಗುವುದರಲ್ಲಿ ಆರು ಜನಕ್ಕೆ ಉತ್ತರ ಕೊಡಬೇಕು.

ಅಡುಗೆಮನೆಯಲ್ಲಿ ಪಾಠ

ಸುಮತ್ತೆಯ ಕೆಲಸ ಏನು ಎಂದು ನೀವು ಎಷ್ಟು ಸಲ ಕೇಳಿದ್ದೀರಿ. ಇಷ್ಟು ದಿನ "ದೊಡ್ಡ ಮಿಷನ್ನಿನ ಕೆಲಸ" ಎನ್ನುತ್ತಿದ್ದೆ. ಈಗ ಹೇಳಬಲ್ಲೆ.

ಕಬ್ಬಿಣ, ತಾಮ್ರ, ಬಂಗಾರ, ಇವನ್ನೆಲ್ಲ ಧಾತು ಎನ್ನುತ್ತಾರೆ, ಪುಟ್ಟಿಯ ಪಾಠದಲ್ಲಿದೆ. ಒಂದೊಂದಕ್ಕೂ ಒಂದು ನಂಬರು. ಭೂಮಿಯಲ್ಲಿ ಅಗೆದರೆ ಸಿಗುವುದು ತೊಂಬತ್ತು ಚಿಲ್ಲರೆಯವರೆಗೆ. ಅದರಾಚೆಯವನ್ನು ಮನುಷ್ಯರೇ ಮಾಡಬೇಕು. ಸುಮ ಮಾಡಲು ಹೊರಟಿದ್ದು ನೂರಹತ್ತನೆಯದನ್ನು. ಅದನ್ನು ಮೊದಲು ಮಾಡಿದ್ದು ಅದೇ ಊರಲ್ಲಿ. ಹಾಗಾಗಿ ಊರ ಹೆಸರನ್ನೇ ಇಟ್ಟಿದ್ದಾರೆ, ಡಾರ್ಮ್‌ಸ್ಟಾಟಿಯಂ ಎಂದು.

ನಾನು ರೊಟ್ಟಿ ತಟ್ಟುತ್ತಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಪಾಠ ಶುರು ಮಾಡಿದಳು.

"ಸೀಸದ ನಂಬರು ಎಂಬತ್ತೆರಡು. ನಿಕ್ಕಲ್‌ದು ಇಪ್ಪತ್ತೆಂಟು. ಕೂಡವ್ವ."

"ನೂರಾ ಹತ್ತು."

"ಪಾಸು."

"ಇಷ್ಟಕ್ಕೆ ಇಷ್ಟು ವರ್ಷ ಓದಿದ್ಯೇನೇ?"

"ಕೂಡೋದು ಸುಲಭ ಕಣವ್ವ, ಕೂಡ್ಸೋದು ಕಷ್ಟ."

ಸೀಸದ ತೆಳುವಾದ ಹಾಳೆಯನ್ನು ಒಂದು ಚಕ್ರಕ್ಕೆ ಅಂಟಿಸಿ ತಿರುಗಿಸುತ್ತಾರಂತೆ. ನಿಕ್ಕಲ್ಲಿನ ಪರಮಾಣುಗಳನ್ನು ಬಿರುಸಾಗಿ ಓಡಿಸಿ ಆ ಹಾಳೆಗೆ ಹೊಡೆಸುತ್ತಾರೆ. ಎಣಿಸಲಾಗದಷ್ಟು ಹೊಡೆತದಲ್ಲಿ ಎಲ್ಲೋ ಒಂದು ಸೀಸದೊಳಗೆ ಸೇರಿ ಕೂತರೆ ಅದೇ ನೂರಹತ್ತು. ನಮ್ಮ ಕೆರೆ ಏರಿಯ ಮೇಲೆ ನಿಂತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಲ್ಲು ಬೀಸಿ, ಆಚೆ ದಡದಲ್ಲಿ ಮೇಯುವ ಆಡಿನ ಕೊರಳ ಗಂಟೆಗೆ ತಾಗಿಸಿದ ಹಾಗೆ.

"ಆಮೇಲೆ?" ಎಂದೆ.

"ಆಮೇಲೆ ಅದು ಹೋಗ್ಬಿಡ್ತದೆ."

"ಎಷ್ಟು ಹೊತ್ತಿಗೆ?"

"ನೀನು ರೆಪ್ಪೆ ಬಡಿಯೋದ್ರೊಳಗೆ ಬಂದೂ ಆಯ್ತು, ಹೋಗಿಯೂ ಆಯ್ತು."

"ಮಾಡಿ ಏನ್ ಮಾಡ್ತೀರಿ ಮತ್ತೆ?"

"ಮಾಡಿದ್ವಿ, ಹೋಯ್ತು ಅಂತ ಬರೀತೀವಿ."

ನಕ್ಕು ನಕ್ಕು ನನ್ನ ರೊಟ್ಟಿ ಒಂದು ಕಡೆ ಸೀದುಹೋಯಿತು. ಬಣ್ಣ ಹೇಗಿರುತ್ತದೆ ಎಂದು ಕೇಳಿದೆ. ಯಾರೂ ನೋಡಿಲ್ಲವಂತೆ. ಒಂದು ಚಿಟಿಕೆಯಷ್ಟು ಯಾವತ್ತೂ ಒಟ್ಟಿಗೆ ಇದ್ದದ್ದೇ ಇಲ್ಲ. ಆದರೆ ಪಟ್ಟಿಯಲ್ಲಿ ಅದರ ಮೇಲಿನ ಸಾಲಿನಲ್ಲಿರುವುದು ಪ್ಲಾಟಿನಂ, ಇನ್ನೂ ಮೇಲೆ ಅದೇ ನಿಕ್ಕಲ್. ಹಾಗಾಗಿ ಇದೂ ಹೊಳೆಯುವ ಲೋಹವೇ ಇರಬೇಕು, ಸುಲಭಕ್ಕೆ ತುಕ್ಕು ಹಿಡಿಯಲಾರದು, ಬಂಗಾರಕ್ಕಿಂತ ಭಾರ ತೂಗಬೇಕು ಎಂದು ಲೆಕ್ಕ ಹಾಕಿದ್ದಾರೆ. ಹುಡುಗಿಯನ್ನು ನೋಡದೆ ಮನೆತನ ವಿಚಾರಿಸಿ, ಮೈಬಣ್ಣ, ಗುಣ ಎಲ್ಲ ಹೇಳುವ ನಮ್ಮ ಕಡೆಯ ಹಿರಿಯರ ಹಾಗೆಯೇ.

ಕಣ್ಣಿಗೆ ಬೀಳದ್ದನ್ನು ಹಿಡಿಯುವುದು ಹೇಗೆ? ಅದು ಹೋಗುವಾಗ ಮೆಟ್ಟಿಲಿಳಿಯುತ್ತ ಹೋಗುತ್ತದೆ. ಒಂದು ಚೂರು ಉಗುಳಿ ನೂರಹತ್ತು ನೂರೆಂಟಾಗುತ್ತದೆ, ಮತ್ತೊಂದು ಉಗುಳಿ ನೂರಾ ಆರು, ಹೀಗೆ ಎರಡೆರಡು ಕೆಳಗೆ. ಈ ಹೆಜ್ಜೆಗಳೆಲ್ಲ ಒಂದು ತಟ್ಟೆಯ ಮೇಲೆ ಒಂದೇ ಜಾಗದಲ್ಲಿ ಒಂದರ ಹಿಂದೊಂದು ಮೂಡಿದರೆ ಬಂದದ್ದು ಅದೇ ಎಂದು ಗೊತ್ತಾಗುತ್ತದೆ.

ಆ ತಟ್ಟೆ ಸುಮ ಮಾಡಿದ್ದು. ಅಂಗೈ ಅಗಲ, ಹಪ್ಪಳಕ್ಕಿಂತ ತೆಳು. ಮೂರು ವರ್ಷ ಕೂತು ಹೊಸ ಬಗೆಯಲ್ಲಿ ಮಾಡಿದ್ದಾಳೆ. ಅದನ್ನು ಪರೀಕ್ಷಿಸಲು ಎರಡು ವಾರ ಯಂತ್ರ ಕೊಟ್ಟಿದ್ದರು. ಒಂದೇ ಒಂದು ನೂರಹತ್ತನ್ನು ಹಿಡಿದು ತೋರಿಸಿದರೆ ತಟ್ಟೆ ಅಲ್ಲೇ ಉಳಿಯುತ್ತದೆ. ಹಿಡಿಯದಿದ್ದರೆ ಬಿಚ್ಚಿ ಪೆಟ್ಟಿಗೆಗೆ ಹಾಕಿ, ಹಳೆಯದನ್ನೇ ಕೂರಿಸುತ್ತಾರೆ. ನಾನು ಹೋಗುವ ಹೊತ್ತಿಗೆ ಒಂದು ವಾರಕ್ಕಿಂತ ಹೆಚ್ಚು ಕಳೆದಿತ್ತು. ಒಂದೂ ಬಂದಿರಲಿಲ್ಲ. ಸೋಮವಾರ ಸಂಜೆಗೆ ಯಂತ್ರ ಬೇರೆಯವರ ಪಾಲು.

"ಹರಕೆ ಗಿರಕೆ ಏನೂ ಹೊತ್ಕೋಬೇಡ ಕಣವ್ವ," ಎಂದಳು, ನನ್ನ ಮುಖ ನೋಡಿ. "ಬಂದ್ರೆ ದೇವ್ರಿಗೆ ಹೆಸರು, ಬರದಿದ್ರೆ ನನಗೆ ಬೈಗುಳ."

ಇಲ್ಲವೆಂದು ತಲೆಯಾಡಿಸಿದೆ. ಮನಸ್ಸಿನಲ್ಲಿ ಆಗಲೇ ಹೊತ್ತಾಗಿತ್ತು.

ನೆಲಮಾಳಿಗೆ

ನಮ್ಮದು ಒಕ್ಕಲುತನದ ಮನೆ. ದಿನಾ ಮಡಿ ಎಂದು ಕೂತರೆ ದನಕ್ಕೆ ಹುಲ್ಲು ಹಾಕುವವರು ಯಾರು? ಆದರೆ ಹರಕೆಯ ಸೋಮವಾರ ಮಾತ್ರ ನನ್ನತ್ತೆ ಕಲಿಸಿದ ರೀತಿ ತಪ್ಪಿಸಿಲ್ಲ. ಒಪ್ಪತ್ತು ಊಟ. ಹಿಂದಿನ ದಿನ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆ. ಊರಲ್ಲಾದರೆ ಒಳಕೋಣೆಯಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರ ಗಳು ಇದೆ, ಕೋಲಿನಲ್ಲಿ ಎತ್ತಿ ಹರವಿದರೆ ಆಯಿತು.

ಸುಮನ ಮನೆಯಲ್ಲಿ ಗಳು ಎಲ್ಲಿಂದ ಬರಬೇಕು? ಹರವಿದರೆ ಅವಳಿಗೆ ಗೊತ್ತಾಗುತ್ತದೆ. ಭಾನುವಾರ ಕಸ ಹಾಕಲು ಇಳಿದಾಗ ನೆಲಮಾಳಿಗೆ ಕಂಡಿತು. ಕಲ್ಲುಗೋಡೆ, ಮುಚ್ಚಿದ ಸಣ್ಣ ಕಿಟಕಿ, ಮಣ್ಣಿನ ವಾಸನೆ. ಒಳಗೆ ನಾಲ್ಕು ಮನೆಯವರಿಗೆ ನಾಲ್ಕು ಹಗ್ಗ ಕಟ್ಟಿತ್ತು. ಒಂದರಲ್ಲಿ ಯಾರದೋ ಎರಡು ಕಾಲುಚೀಲ ಬಿಟ್ಟರೆ ಏನೂ ಇರಲಿಲ್ಲ. ದೇವರೇ ತೋರಿಸಿದ ಜಾಗ ಎಂದುಕೊಂಡೆ. ಚಳಿಗೆ ಹತ್ತಿ ಸೀರೆ ಒಣಗುವುದಿಲ್ಲವೆಂದು ನೀಲಿ ಪಾಲಿಯೆಸ್ಟರ್ ಸೀರೆಯನ್ನು ಒಗೆದು, ಹಿಂಡಿ, ತಂದು ಹರವಿದೆ. ಹಗ್ಗಗಳು ಗಿಡ್ಡ, ಸೀರೆ ಉದ್ದ. ನಾಲ್ಕೂ ಮನೆಯ ಹಗ್ಗದ ಮೇಲೆ ಆಚೆಗೂ ಈಚೆಗೂ ಓಡಾಡಿಸಿ ಮುಗಿಸಿದೆ.

ಸೋಮವಾರ ಬೆಳಿಗ್ಗೆ ತೆಗೆಯಲು ಇಳಿದರೆ ಕೆಳಮನೆಯ ಮುದುಕರು, ಓಟೋ ಎಂದು ಹೆಸರು, ಅಲ್ಲಿ ನಿಂತಿದ್ದಾರೆ. ಕಾಲುಚೀಲ ಅವರದು. ಅದು ನನ್ನ ಸೀರೆಯ ಎರಡು ಮಡಿಕೆಯ ನಡುವೆ ಸಿಕ್ಕಿಕೊಂಡಿದೆ. ಪಾಪ, ಸೀರೆಯನ್ನು ಸರಿಸಿ ತೆಗೆದುಕೊಳ್ಳಲು ಕೈ ಚಾಚಿದರು. "ಮುಟ್‌ಬ್ಯಾಡಿ" ಎಂದು ಕೂಗಿಬಿಟ್ಟೆ. ಅಷ್ಟು ಜೋರಾಗಿ ನಾನು ಮಾತಾಡಿದ್ದು ನನಗೇ ನೆನಪಿಲ್ಲ. ಅವರು ಪೊಲೀಸರನ್ನು ಕಂಡವರ ಹಾಗೆ ಎರಡೂ ಕೈ ಎತ್ತಿ ಗೋಡೆಗೆ ಒರಗಿದರು. ನಾನು ಸೀರೆ ತೆಗೆದುಕೊಳ್ಳುವವರೆಗೆ ಹಾಗೆಯೇ ನಿಂತಿದ್ದರು. ಮಡಿಯೆಂದರೇನು ಎಂದು ಭಾಷೆ ಬಾರದವರಿಗೆ ಅಷ್ಟು ಬೇಗ ತಿಳಿಸಿದವಳು ನಾನೊಬ್ಬಳೇ ಇರಬೇಕು.

ಕೊಡವಿದಾಗ ಸೀರೆ ಚಟಚಟ ಎಂದಿತು, ಕೈಕೂದಲು ನೆಟ್ಟಗೆ ನಿಂತಿತು. ಒಣಹವೆಗೆ ಪಾಲಿಯೆಸ್ಟರ್ ಹಾಗೆ ಮಾಡುತ್ತದೆ. ಕೂಡಲೇ ಉಟ್ಟು, ಸುಮನ ಜೊತೆ ಹೊರಟೆ. ಅವತ್ತು ಕಡೆಯ ದಿನ, ಯಂತ್ರ ತೋರಿಸುತ್ತೇನೆ ಎಂದು ಅವಳೇ ಕರೆದಿದ್ದಳು.

ಯಂತ್ರದ ಮನೆ

ಕಾಡಿನಂಚಿಗೆ ಇತ್ತು ಆ ಪ್ರಯೋಗಶಾಲೆ. ಯಂತ್ರ ಓಡುವಾಗ ಅದರ ಹತ್ತಿರ ಯಾರೂ ಹೋಗುವಂತಿಲ್ಲ. ದಪ್ಪ ಗೋಡೆಯ ಈಚೆ ಉದ್ದನೆಯ ಓಣಿಯೊಂದರಲ್ಲಿ ನಡೆಸಿಕೊಂಡು ಹೋದಳು. ಗೋಡೆಗೆ ಕೈ ಇಟ್ಟರೆ ಹಿಟ್ಟಿನ ಗಿರಣಿಯ ಗೋಡೆಯ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಈ ಗೋಡೆಯ ಆಚೆ ಸೀಸದ ಚಕ್ರ ತಿರುಗುತ್ತಿದೆ, ಮಗಳ ತಟ್ಟೆ ಕಾದಿದೆ ಎಂದುಕೊಂಡು ಒಂದು ಸಲ ಕೈಮುಗಿದೆ, ಅವಳು ಆ ಕಡೆ ನೋಡುವಾಗ.

ಹೊರಗೆ ಬರುವ ಬಾಗಿಲಲ್ಲಿ ತೂಕದ ಮಿಷನ್ನಿನಂಥದು ಇದೆ. ಅದರ ಮೇಲೆ ನಿಂತು ಕೈಗಳನ್ನು ಎರಡು ಗೂಡಿನೊಳಗೆ ಇಡಬೇಕು. ಮೈಮೇಲೆ ವಿಕಿರಣದ ಧೂಳೇನಾದರೂ ಅಂಟಿದೆಯೇ ಎಂದು ಅದು ನೋಡುತ್ತದೆ. ಸುಮ ನಿಂತಳು, ಹಸಿರು ದೀಪ ಬಂತು, ಆಚೆ ಹೋದಳು. ನಾನು ನಿಂತೆ. ಕೆಂಪು ದೀಪ ಬಂತು. ಜೊತೆಗೆ ಮದುವೆಮನೆಯ ವಾಲಗದಷ್ಟು ಗದ್ದಲ.

ಎಲ್ಲಿಂದಲೋ ಒಬ್ಬ ಹೆಂಗಸು ಓಡಿ ಬಂದರು. ಬಿಳಿಯ ಕ್ರಾಪು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವರ ಹೆಸರು ಉರ್ಸುಲಾ, ಅಲ್ಲಿಯ ಸುರಕ್ಷತೆ ಅವರ ಕೈಯಲ್ಲಿದೆ. ಕೈಗೆ ಕೈಗವಸು ತೊಟ್ಟು, ಇಸ್ತ್ರಿಪೆಟ್ಟಿಗೆಯಂಥ ಒಂದು ಮಿಷನ್ನನ್ನು ನನ್ನ ಮೈಸುತ್ತ ಆಡಿಸಿದರು. ಕೈಗೆ ಹಿಡಿದರೆ ಸುಮ್ಮನಿತ್ತು. ಕಾಲಿಗೆ, ತಲೆಗೆ ಹಿಡಿದರೆ ಸುಮ್ಮನಿತ್ತು. ಸೆರಗಿನ ಹತ್ತಿರ ತಂದರು ನೋಡಿ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟಚಟಪಟ.

ಉರ್ಸುಲಾ ಗೋಡೆಯ ಫೋನು ಎತ್ತಿ ಎರಡು ಮಾತಾಡಿದರು. ಗೋಡೆಯ ಗುಂಯ್ ಎನ್ನುವ ಸದ್ದು ನಿಂತಿತು.

ಸುಮನ ಮುಖ ಬಿಳಿಚಿಹೋಯಿತು. ಒಳಗಿನಿಂದ ಏನಾದರೂ ಸೋರಿ ನನಗೆ ಅಂಟಿದ್ದರೆ ಅದು ಗೊತ್ತಾಗುವ ತನಕ ಯಂತ್ರ ಓಡಿಸುವಂತಿಲ್ಲ, ಇವತ್ತಿನ ಮಟ್ಟಿಗೆ ಮುಗಿದಂತೆ ಎಂದಳು. ಅವಳಿಗೆ ಇವತ್ತು ಬಿಟ್ಟರೆ ಬೇರೆ ದಿನ ಎಲ್ಲಿತ್ತು?

ಉರ್ಸುಲಾ ಅವರ ಕೋಣೆ

ಒಂದು ಸಣ್ಣ ಕೋಣೆಗೆ ಕರೆದೊಯ್ದು, ಸೀರೆ ಬಿಚ್ಚಬೇಕು ಎಂದರು. ನಾನು ಆಗುವುದಿಲ್ಲವೆಂದು ಸೆರಗು ಬಿಗಿ ಹಿಡಿದು ಮೂಲೆಗೆ ನಿಂತೆ. ಸುಮ ಬಾಗಿಲಾಚೆಯಿಂದ ಹೇಳಿದಳು.

"ಬಿಚ್ಚು ಅವ್ವ. ಅವರು ಹೆಂಗಸೇ."

"ನಾನೇನ್ ಸಂತೇಲಿ ನಿಂತಿದೀನಾ?"

"ಅವ್ವ. ಮಿಷನ್ ನಿಂತೈತೆ."

ಆ ಒಂದು ಮಾತಿಗೆ ಬಿಚ್ಚಿದೆ. ಉರ್ಸುಲಾ ನೀಲಿ ಪ್ಯಾಂಟೊಂದನ್ನೂ ದೊಡ್ಡ ಅಂಗಿಯೊಂದನ್ನೂ ಕೊಟ್ಟರು. ಆರಡಿ ಗಂಡಸಿನ ಅಳತೆ. ಲಂಗ ಬಿಚ್ಚುವುದಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದೆ. ಅವರು ಮಿಷನ್ ಹಿಡಿದು ನೋಡಿ, ಹತ್ತಿಯ ಲಂಗ ಸುಮ್ಮನಿದ್ದುದರಿಂದ ಒಪ್ಪಿದರು. ಹಾಗಾಗಿ ಲಂಗದ ಮೇಲೆಯೇ ಪ್ಯಾಂಟು ಏರಿಸಿದೆ. ಫೋಟೋದಲ್ಲಿ ಕಾಲು ಹತ್ತಿ ಮೂಟೆಯ ಹಾಗೆ ಕಾಣುವುದು ಅದಕ್ಕೆ. ಓರಗಿತ್ತಿಗೆ ಹೇಳಿ, ಜಾರುತ್ತಿರಲಿಲ್ಲ, ಒಳಗೆ ಲಂಗ ತುಂಬಿ ಬಿಗಿಯಾಗಿತ್ತು.

ಇನ್ನು ಸೀರೆಯ ಕಥೆ. ಕೈಗವಸು ತೊಟ್ಟ ಕೈಯಲ್ಲಿ ಚಿಮಟ ಹಿಡಿದು ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಜಿನ ಮೇಲಿಟ್ಟರು. ಯಾರೂ ಮುಟ್ಟಬಾರದು ಎಂದು ಸುತ್ತ ಹಳದಿ ಪಟ್ಟಿ ಎಳೆದರು. ಸುಮನಿಗೂ ಹತ್ತಿರ ಬರಬೇಡ ಎಂದರು. ಅಂಥ ಮಡಿಯನ್ನು ನಮ್ಮ ಸೀಮೆಯಲ್ಲಿ ಯಾವ ಪೂಜಾರಿಯೂ ಮಾಡಿದ್ದನ್ನು ನಾನು ಕಂಡಿಲ್ಲ.

"ಒಳಗೆ ಏನ್ ಮುಟ್ದೆ ಅವ್ವ? ನೆನಪ್ ಮಾಡ್ಕೊ."

"ಗೋಡೆ ಮುಟ್ಟಿದ್ದೆ, ಅಷ್ಟೇಯ."

"ಕೈಗೆ ಏನೂ ಬಂದಿಲ್ಲ. ಸೀರೆಗೆ ಎಲ್ಲಿಂದ ಬಂತು?"

"ನನಗೇನ್ ಗೊತ್ತೇ? ಆ ಸೀರೆನ ನಿನ್ನೆಯಿಂದ ಒಂದು ನರಪಿಳ್ಳೆ ಮುಟ್ಟಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸುಮ ನನ್ನನ್ನೇ ನೋಡಿದಳು.

"ಇವತ್ತು ಸೋಮವಾರ ಅಲ್ವಾ?"

ನಾನು ಪ್ಯಾಂಟಿನ ಗುಂಡಿ ನೋಡುತ್ತ ಕೂತೆ.

"ಎಲ್ಲಿ ಒಣಗಾಕಿದ್ದೆ?"

"ಕೆಳಗೆ. ನೆಲಮಾಳಿಗೇಲಿ."

ಬೈಯುತ್ತಾಳೆ ಎಂದುಕೊಂಡೆ. ಅವಳು ಉರ್ಸುಲಾ ಕಡೆ ತಿರುಗಿ ಅವರ ಭಾಷೆಯಲ್ಲಿ ಗಡಗಡ ಹೇಳಿದಳು. ಉರ್ಸುಲಾ ನನ್ನ ಮುಖ ನೋಡಿ, "ಪಾಲಿಯೆಸ್ಟರ್?" ಎಂದು ಒಂದೇ ಮಾತು ಕೇಳಿದರು. ನಾನು ಹೂಂ ಎಂದೆ. ಅವರು ಮೇಜು ಕುಟ್ಟಿ ನಗಲು ಶುರು ಮಾಡಿದರು.

ಭೂಮಿಯಿಂದ ರೇಡಾನ್ ಎಂಬ ಒಂದು ಗಾಳಿ ಮೇಲೇಳುತ್ತದಂತೆ. ನಮ್ಮೂರಲ್ಲೂ ಏಳುತ್ತದೆ, ಆದರೆ ನಾವು ಬಾಗಿಲು ಕಿಟಕಿ ತೆರೆದಿಟ್ಟು ಬದುಕುವವರು, ಹೊರಟುಹೋಗುತ್ತದೆ. ಆ ಚಳಿಯ ದೇಶದಲ್ಲಿ ಕಿಟಕಿ ಮುಚ್ಚಿದ ನೆಲಮಾಳಿಗೆಯಲ್ಲಿ ಅದು ನಿಂತುಬಿಡುತ್ತದೆ. ಅದರಿಂದ ಹುಟ್ಟಿದ ಕಣಗಳು ಚಟಚಟ ಎನ್ನುವ ಪಾಲಿಯೆಸ್ಟರ್ ಬಟ್ಟೆಗೆ ಬಂದು ಅಂಟುತ್ತವೆ. ಅಷ್ಟರಿಂದ ನನಗೇನೂ ಆಗುವುದಿಲ್ಲ ಎಂದು ಉರ್ಸುಲಾ ಮೊದಲೇ ಹೇಳಿದರು. ಊರಿಗೆಲ್ಲ ಶುದ್ಧವೆಂದು ನಾನು ಆರಿಸಿದ ಜಾಗದಲ್ಲಿ ಸೀರೆ ಇಡೀ ದಿನ ಕೂತು ಇದನ್ನು ತುಂಬಿಕೊಂಡಿತ್ತು.

ಆದರೆ ಹೇಳಿದರೆ ಸಾಲದು, ತೋರಿಸಬೇಕು. ನೆಲಮಾಳಿಗೆಯ ಕಣಗಳಾದರೆ ಅವುಗಳ ಆಯಸ್ಸು ಕಡಿಮೆ, ಅರ್ಧ ಗಂಟೆ ಆಸುಪಾಸಿನಲ್ಲಿ ಸದ್ದು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದು ಯಂತ್ರದ್ದು. ಆಗ ಎಲ್ಲ ಮುಗಿಯಿತು.

ಕಾದೆವು. ಮೇಜಿನ ಮೇಲೆ ಸೀರೆ, ಸುತ್ತ ಮೂವರು ಹೆಂಗಸರು. ಯಂತ್ರ ಓಡಿಸುವ ಯೋಹಾನ್ ಎಂಬಾತ ಬಾಗಿಲಲ್ಲಿ ತಲೆ ಹಾಕಿ, ಸೀರೆ ನೋಡಿ, ಸುಮನ ಮುಖ ನೋಡಿ, ಹೋಗುತ್ತಿದ್ದ. ಮತ್ತೆ ಬರುತ್ತಿದ್ದ. ಹೆರಿಗೆ ಕೋಣೆಯ ಮುಂದೆ ಗಂಡ ಓಡಾಡಿದ ಹಾಗೆ. ಸುಮ ಉಗುರು ಕಚ್ಚುತ್ತಿದ್ದಳು. ಕೈ ಕೆಳಗಿಳಿಸೇ ಎಂದರೆ ಕೇಳಲಿಲ್ಲ.

ಉರ್ಸುಲಾ ಮತ್ತೆ ಮಿಷನ್ ಹಿಡಿದರು. ಚಟಪಟ ಎನ್ನುತ್ತಿದ್ದದ್ದು ಚಟ್, ಪಟ್ ಎನ್ನುತ್ತಿತ್ತು. ಗಡಿಯಾರ ನೋಡಿದರು, ಲೆಕ್ಕ ನೋಡಿದರು. ಇನ್ನೊಂದು ಸಲ ಕಾಯಿಸಿದರು. ಎರಡನೆಯ ಸಲ ಹಿಡಿದಾಗ ಒಗ್ಗರಣೆಯ ಕೊನೆಯಲ್ಲಿ ಉಳಿದ ನಾಲ್ಕು ಕಾಳು ಸಿಡಿದಷ್ಟೇ.

"ಅರ್ಧದ ಅರ್ಧ," ಎಂದಳು ಸುಮ. "ಇದಕ್ಕೇ ಅರ್ಧಾಯುಷ್ಯ ಅಂತೀವಿ ಕಣವ್ವ. ಅರ್ಧ ಹೋಗಕ್ಕೆ ಎಷ್ಟು ಹೊತ್ತೋ, ಉಳಿದದ್ರಲ್ಲಿ ಅರ್ಧ ಹೋಗಕ್ಕೂ ಅಷ್ಟೇ ಹೊತ್ತು. ಪೂರಾ ಖಾಲಿ ಆಗೋದು ಯಾವಾಗ ಅಂತ ಹೇಳಕ್ಕಾಗಲ್ಲ."

ನನಗೆ ತಕ್ಷಣ ಅರ್ಥವಾಯಿತು. ನಿಮ್ಮಪ್ಪ ಚಿಕ್ಕವನಿದ್ದಾಗ ಕೋಡುಬಳೆ ಡಬ್ಬಿಯನ್ನು ಹೀಗೆಯೇ ಖಾಲಿ ಮಾಡುತ್ತಿದ್ದ. ಪ್ರತಿ ಸಲ ಇದ್ದದ್ದರಲ್ಲಿ ಅರ್ಧ. ಡಬ್ಬಿ ಯಾವತ್ತೂ ಬರಿದಾಗುತ್ತಿರಲಿಲ್ಲ, ಹಾಗಾಗಿ ಅವನು ಮುಗಿಸಿದ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಈಗ ಅವನನ್ನು ಕೇಳಿ ನೋಡಿ.

ಉರ್ಸುಲಾ ಫೋನು ಎತ್ತಿದರು. ಒಂದು ಮಾತು. ಸ್ವಲ್ಪ ಹೊತ್ತಿಗೆ ಕೋಣೆಯ ಗೋಡೆ ಗುಂಯ್ ಎಂದಿತು. ಬಾಗಿಲಾಚೆ ಯೋಹಾನ್ ಓಡಿದ ಸದ್ದು ಕೇಳಿಸಿತು. ಉರ್ಸುಲಾ ನನ್ನನ್ನು ನಿಲ್ಲಿಸಿ ಫೋಟೋ ತೆಗೆದದ್ದು ಆಗ.

ಸಂಜೆ

ಉಳಿದ ಹೊತ್ತೆಲ್ಲ ಕಂಪ್ಯೂಟರ್ ಪರದೆಗಳಿರುವ ಕೋಣೆಯಲ್ಲಿ ಕೂತಿದ್ದೆವು. ನನಗೆ ಒಪ್ಪತ್ತು, ಹಾಗಾಗಿ ತಂದಿದ್ದ ಕೋಡುಬಳೆಯನ್ನು ಅವರಿಗೆಲ್ಲ ಹಂಚಿದೆ. ಅಲ್ಲಿಯ ಜನ ಅದನ್ನು ಬೆರಳಿಗೆ ಹಾಕಿಕೊಂಡು ತಿರುಗಿಸಿ ನೋಡಿ ಆಮೇಲೆ ಕಚ್ಚುತ್ತಾರೆ. ಖಾರ ಹತ್ತಿ ಯೋಹಾನ್‌ಗೆ ಕಣ್ಣೀರು ಬಂತು, ಆದರೂ ಇನ್ನೊಂದಕ್ಕೆ ಕೈ ಚಾಚಿದ. ಪರದೆಯಲ್ಲಿ ಸಾಲುಸಾಲು ಅಂಕಿ ಓಡುತ್ತಿತ್ತು. ಎಲ್ಲ ಬರೀ ಧೂಳು ಅವ್ವ, ಬೇಡದ ಅಂಕಿಗಳು ಎಂದಳು ಸುಮ.

ಸಂಜೆಯಾಯಿತು. ಯಂತ್ರ ಪಡೆಯುವ ಬೇರೆ ಗುಂಪಿನವರು ಬಂದು ಬಾಗಿಲಲ್ಲಿ ವಿನಯವಾಗಿ ನಿಂತರು. ಸುಮ ಎದ್ದಳು. ನನ್ನ ಸೀರೆ ವಾಪಸು ಸಿಕ್ಕಿತ್ತು, ಮಿಷನ್ನು ಈಗ ಅದಕ್ಕೆ ಹಸಿರು ದೀಪ ಕೊಟ್ಟಿತ್ತು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಳು. ನನ್ನ ಸೀರೆಯಿಂದ ಹೋದ ಹೊತ್ತನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆ ಹೊತ್ತಿನಲ್ಲೇ ಬರುವುದಿತ್ತೋ ಏನೋ.

"ನನ್ನಿಂದಲೇ ಕಣೇ," ಎಂದೆ.

"ಸುಮ್ನಿರವ್ವ. ಬರೋದಾದ್ರೆ ಬತ್ತದೆ, ಇಲ್ದಿದ್ರೆ ಇಲ್ಲ. ಅದಕ್ಕೆ ನಿನ್ ಸೀರೆನೂ ಗೊತ್ತಿಲ್ಲ, ನನ್ ಡಿಗ್ರಿನೂ ಗೊತ್ತಿಲ್ಲ."

ಬುಧವಾರ, ಮತ್ತೆ ಅಲ್ಲಿಗೆ

ಮಾರನೆಯ ದಿನವೆಲ್ಲ ಅವಳು ಅಲ್ಲಿ ಕೂತು ಆ ಅಂಕಿಗಳನ್ನು ಸೋಸಿದಳು. ಬುಧವಾರ ಮಧ್ಯಾಹ್ನ ಫೋನು ಬಂತು.

"ಅವ್ವ, ಬಸ್ ಹತ್ತಿ ಬಾ."

"ಒಬ್ಳೇನಾ?"

"ಒಬ್ಳೇ. ಕೊನೇ ಸ್ಟಾಪು. ಕಾಟನ್ ಸೀರೆ ಉಟ್ಕೊಂಡ್ ಬಾ ಮತ್ತೆ."

"ಏನಾಯ್ತೇ?"

"ಬಾ ಅಂದ್ನಲ್ಲ."

ಬಾಗಿಲಲ್ಲಿ ನಾನು ಚಪ್ಪಲಿ ತೊಟ್ಟು ನಿಂತು ಒದ್ದಾಡುವುದನ್ನು ಓಟೋ ನೋಡಿದರು. ಎಲ್ಲಿಗೆ ಎಂದು ಕೇಳಲಿಲ್ಲ. ಟೊಪ್ಪಿ ಹಾಕಿಕೊಂಡು ಬಂದು, ನನ್ನಿಂದ ಎರಡು ಮಾರು ದೂರವೇ ನಡೆಯುತ್ತ, ಮುಟ್ಟಿದರೆ ಎಲ್ಲಿ ಕೂಗುತ್ತೇನೋ ಎಂಬಂತೆ, ಬಸ್ಸಿನವರೆಗೆ ಬಿಟ್ಟುಹೋದರು. ಕೆಂಪು ದೀಪಕ್ಕೆ ನಾವಿಬ್ಬರೂ ಖಾಲಿ ರಸ್ತೆಯ ಮುಂದೆ ನಿಂತೆವು.

ಗೇಟಿನಲ್ಲೇ ಸುಮ ಕಾಯುತ್ತಿದ್ದಳು. ನನ್ನನ್ನು ಅಪ್ಪಿ ಎತ್ತಿ ಗಿರ್ರನೆ ಒಂದು ಸುತ್ತು ತಿರುಗಿಸಿಬಿಟ್ಟಳು. ಕಾವಲಿನವನು ನೋಡುತ್ತಿದ್ದ. ನಾಚಿಕೆಯಾಗಬೇಕಿತ್ತು. ನನಗೆ ಜೋರಾಗಿ ನಗು ಬಂತು.

"ಬಂದಿತ್ತು ಅವ್ವ. ಸೋಮವಾರಾನೇ ಬಂದಿತ್ತು. ನೂರಾ ಹತ್ತು, ನೂರೆಂಟು, ನೂರಾ ಆರು, ನೂರ್ನಾಕು, ನೂರೆರಡು. ಎಲ್ಲ ಒಂದೇ ಜಾಗದಲ್ಲಿ. ಮಿಷನ್ ಮತ್ತೆ ಶುರುವಾದ್ಮೇಲೆ."

"ನಾವು ಅಲ್ಲೇ ಕೂತಿದ್ವಲ್ಲೇ. ಕಾಣ್ಲಿಲ್ಲ?"

"ಧೂಳಿನೊಳಗೆ ಸೇರ್ಕೊಂಡಿತ್ತು. ಸೋಸಿದ್ಮೇಲೆ ಸಿಕ್ತು. ಅದು ಬಂದಾಗ ನೀನು ಯೋಹಾನ್‌ಗೆ ಕೋಡುಬಳೆ ಕೊಡ್ತಿದ್ದೆ. ಗಡಿಯಾರ ನೋಡಿ ಲೆಕ್ಕ ಹಾಕಿದೀವಿ."

ಅಂದರೆ ಅವತ್ತು ಉರ್ಸುಲಾ ಸೀರೆಯ ಮಾತು ನಂಬದೆ ನಾಳೆ ನೋಡೋಣ ಎಂದಿದ್ದರೆ ಅದು ಬರುತ್ತಲೇ ಇರಲಿಲ್ಲ. ಹರಕೆ ಹೊತ್ತ ಸೀರೆಯೇ ಯಂತ್ರ ನಿಲ್ಲಿಸಿತ್ತು. ದೇವರಿಗೆ ಉಳಿದ ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಸಬೇಕಾಗಿ ಬಂತು, ಪಾಪ. ಏನೇ ಇರಲಿ, ಸುಮನ ತಟ್ಟೆ ಅಲ್ಲೇ ಉಳಿಯುತ್ತದೆ.

ಅವರಲ್ಲಿ ಒಂದು ಪದ್ಧತಿ ಇದೆ. ಹೀಗೆ ಒಂದು ಸಿಕ್ಕಿದರೆ ಒಂದು ಬಾಟಲಿ ತೆರೆದು ಎಲ್ಲರೂ ಕುಡಿಯುತ್ತಾರೆ. ಖಾಲಿ ಬಾಟಲಿಯ ಮೇಲೆ, ಅದು ಬಂದ ಹೊತ್ತಿನಲ್ಲಿ ಕೋಣೆಯಲ್ಲಿದ್ದವರೆಲ್ಲ ತಮ್ಮ ಹೆಸರು, ಅದರ ಮುಂದೆ ತಾವು ನೋಡಿಕೊಂಡ ಕೆಲಸ ಬರೆದು ಕಪಾಟಿನಲ್ಲಿಡುತ್ತಾರೆ. ನನಗೆ ಸೇಬಿನ ರಸ ಕೊಟ್ಟರು. ಯೋಹಾನ್ ತನ್ನ ಹೆಸರಿನ ಮುಂದೆ ಯಂತ್ರ ಎಂದು ಬರೆದ. ಸುಮ ತಟ್ಟೆ ಎಂದು ಬರೆದಳು. ಉರ್ಸುಲಾ ಸುರಕ್ಷತೆ ಎಂದು ಬರೆದು, ಪೆನ್ನನ್ನು ನನ್ನ ಕಡೆ ಚಾಚಿದರು.

ನಾನು ಹಿಂದೆ ಸರಿದೆ. "ನಾನೇನ್ ಮಾಡಿದೀನೇ? ಬ್ಯಾಡ ಅನ್ನು."

ಸುಮ ಅದನ್ನು ಹೇಳಿದಳು. ಉರ್ಸುಲಾ ಪೆನ್ನು ಹಿಂದಕ್ಕೆ ತೆಗೆದುಕೊಳ್ಳದೆ ಏನೋ ಅಂದರು.

"ಅವತ್ತು ಯಾರೂ ಏನೂ ಮಾಡ್ಲಿಲ್ವಂತೆ ಅವ್ವ. ಎಲ್ರೂ ಕಾದಿದ್ದು ಅಷ್ಟೇಯಂತೆ. ನೀನೂ ಕಾದ್ಯಲ್ಲ ಅಂತಾರೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಟಲಿಯ ದುಂಡು ಮೈಮೇಲೆ ಅಕ್ಷರ ಜಾರುತ್ತಿತ್ತು. ಸಿಂಗಟಗೆರೆ ಮೇಷ್ಟ್ರು ಕಲಿಸಿದ ಹಾಗೆ ನಿಧಾನವಾಗಿ, ದುಂಡಗೆ ಬರೆದೆ: ಗೌರಮ್ಮ, ಬುಕ್ಕಾಂಬುಧಿ. ಅದರ ಮುಂದೆ ಕೆಲಸದ ಜಾಗ ಖಾಲಿ ಉಳಿದಿತ್ತು. ಯೋಹಾನ್ ಬಗ್ಗಿ ಬಾಟಲಿಯನ್ನು ಅಲುಗದಂತೆ ಹಿಡಿದುಕೊಂಡ.

ಸೀರೆ, ಎಂದು ಬರೆದೆ.